ಶ್ರಿಂಪ್ ಮತ್ತು ಪ್ರಾನ್

ಕನ್ನಡದ ಸಿಗಡಿ, ತುಳುವಿನ ಎಟ್ಟಿ, ಕೊಂಕಣಿಯ ಸುಂಗಟಕ್ಕೆ ಇಂಗ್ಲಿಷಿನಲ್ಲಿರುವ ಎರಡು ಹೆಸರುಗಳು. ಯಾವುದು ಶ್ರಿಂಪ್, ಯಾವುದು ಪ್ರಾನ್ ಎಂಬುದು ಪ್ರಾಣಿಗಿಂತ ಹೆಚ್ಚಾಗಿ ಹೇಳುವವರು ಯಾವ ನಾಡಿನವರು ಎಂಬುದನ್ನು ಅವಲಂಬಿಸಿದೆ.

ಶ್ರಿಂಪ್ 14ನೆಯ ಶತಮಾನದಲ್ಲಿ ಕಾಣಿಸಿಕೊಂಡ ಪದ. ಮುದುಡು, ಸುಕ್ಕುಗಟ್ಟು ಎಂಬರ್ಥದ ಜರ್ಮನಿಕ್ ಪದಗಳೊಂದಿಗೆ ಇದಕ್ಕೆ ನಂಟಿದೆ. ಕುಳ್ಳಗೆ ಬಡಕಲಾದ ಮನುಷ್ಯನಿಗೂ ಈ ಹೆಸರು ಆಗಲೇ ಅಂಟಿತ್ತು. ಕವಿ ಚಾಸರ್ 'ಕ್ಯಾಂಟರ್ಬರಿ ಟೇಲ್ಸ್'ನಲ್ಲಿ ಅದೇ ಅರ್ಥದಲ್ಲಿ ಬಳಸಿದ್ದಾನೆ. 15ನೆಯ ಶತಮಾನದ ಪ್ರಾನ್ ಪದದ ಮೂಲ ಇನ್ನೂ ಪತ್ತೆಯಾಗಿಲ್ಲ.

ಬ್ರಿಟನ್ನಿನಲ್ಲಿ ಗಾತ್ರವೇ ಅಳತೆ. ಮೋರ್ಕಂಬ್ ಕೊಲ್ಲಿಯಲ್ಲಿ ಹಿಡಿದು, ಸಾಂಬಾರ ಬೆರೆಸಿದ ಬೆಣ್ಣೆಯಲ್ಲಿ ಇಟ್ಟು ಮಾರುವ ಪುಟ್ಟ ಕಂದು ಜೀವಿ ಶ್ರಿಂಪ್. ಅದಕ್ಕಿಂತ ದೊಡ್ಡದು ಪ್ರಾನ್. ಅಮೆರಿಕದಲ್ಲಿ ಅಂಗೈಯಗಲದ್ದೂ ಶ್ರಿಂಪೇ. ಆಸ್ಟ್ರೇಲಿಯದವರು ಪ್ರಾನ್ ಎನ್ನುತ್ತಾರೆ. ಆದರೂ 1984ರಲ್ಲಿ ಅಮೆರಿಕದ ಪ್ರವಾಸಿಗರನ್ನು ಸೆಳೆಯಲು ಮಾಡಿದ ಜಾಹೀರಾತಿನಲ್ಲಿ ನಟ ಪಾಲ್ ಹೋಗನ್ ಶ್ರಿಂಪ್ ಎಂದೇ ಹೇಳಬೇಕಾಯಿತು.

ಪ್ರಾಣಿಶಾಸ್ತ್ರ ಗುರುತಿಸುವ ವ್ಯತ್ಯಾಸ ಮಾತ್ರ ನಿಜವಾದದ್ದು. ಇಡೀ ಸಿಗಡಿಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಹೊಟ್ಟೆಯ ಎರಡನೆಯ ಉಂಗುರದ ಅಂಚು ಒಂದನೆಯ ಮತ್ತು ಮೂರನೆಯ ಉಂಗುರಗಳೆರಡನ್ನೂ ಮುಚ್ಚಿದ್ದರೆ ಅದು ಕ್ಯಾರಿಡಿಯಾ ಗುಂಪಿನದು; ಇವುಗಳ ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು ತಿರುಗುತ್ತದೆ. ಉಂಗುರಗಳು ಹೆಂಚು ಹೊದಿಸಿದಂತೆ ಸಾಲಾಗಿದ್ದರೆ ಡೆಂಡ್ರೊಬ್ರಾಂಕಿಯಾಟಾ. ಇವು ಮೊಟ್ಟೆಗಳನ್ನು ನೀರಿಗೇ ಬಿಡುತ್ತವೆ. ಮೊದಲನೆಯದನ್ನು ಶ್ರಿಂಪ್, ಎರಡನೆಯದನ್ನು ಪ್ರಾನ್ ಎಂದು ಕರೆಯುವ ಪ್ರಯತ್ನ ನಡೆಯಿತು. ಅದು ನೆಲೆಗೊಳ್ಳಲಿಲ್ಲ. ಬ್ರಿಟನ್ನಿನ 'ಸಾಮಾನ್ಯ ಪ್ರಾನ್' ಸೇರಿರುವುದೇ ಕ್ಯಾರಿಡಿಯಾಕ್ಕೆ. ನಮ್ಮ ಹೊಳೆಗಳ ದೊಡ್ಡ ಸಿಹಿನೀರು ಸಿಗಡಿಯದ್ದೂ ಅದೇ ಕಥೆ.

ಕಡಲಿನದ್ದು, ಹಿನ್ನೀರಿನದ್ದು ಶ್ರಿಂಪ್, ಸಿಹಿನೀರಿನದ್ದು ಪ್ರಾನ್ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ರೂಢಿ. ಆದರೆ ಅದೇ ಸಂಸ್ಥೆಗಾಗಿ ಪ್ರಾಣಿಶಾಸ್ತ್ರಜ್ಞ ಹೋಲ್ತಾಯಿಸ್ 1980ರಲ್ಲಿ ಸಿದ್ಧಪಡಿಸಿದ ಜಾಗತಿಕ ಪಟ್ಟಿಯ ಶೀರ್ಷಿಕೆಯಲ್ಲಿ ಎರಡೂ ಪದಗಳಿವೆ. ಅದೇ ಪ್ರಾಮಾಣಿಕವಾದ ದಾರಿ.

ಭಾರತದಲ್ಲಿ ಮನೆ, ಮಾರುಕಟ್ಟೆ, ಹೋಟೆಲಿನ ಇಂಗ್ಲಿಷ್ ಪ್ರಾನ್. ರಫ್ತಿನ ಕಾಗದಪತ್ರದ ಇಂಗ್ಲಿಷ್ ಶ್ರಿಂಪ್. 2009ರಿಂದ ನಮ್ಮ ಕರಾವಳಿಯ ಕೊಳಗಳಲ್ಲಿ ಸಾಕಲಾಗುತ್ತಿರುವ, ಪೆಸಿಫಿಕ್ ಮೂಲದ ವನಾಮಿ ಸಿಗಡಿ ಹಡಗಿನ ಪೆಟ್ಟಿಗೆಯ ಮೇಲೆ ಶ್ರಿಂಪ್ ಆಗಿ, ಮಂಗಳೂರಿನ ಊಟದ ಮೇಜಿನ ಮೇಲೆ ಪ್ರಾನ್ ಆಗಿ ಬರುತ್ತದೆ.