ರೋಗಿಯ ಕಾಗದ ಶಾಸ್ತ್ರವಾದ ಬಗೆ

ಊರಿನಲ್ಲಿದ್ದಾಗ ನಮ್ಮ ಮನೆಯ ವೈದ್ಯರಿಗೆ ಮೂರು ತಲೆಮಾರಿನ ಕಾಯಿಲೆಗಳು ಬಾಯಿಪಾಠವಾಗಿರುತ್ತಿದ್ದವು. ಮಣಲಿಯಲ್ಲಿ 1969ರಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ ಆರಂಭವಾಯಿತು. ಇಂಥ ಕಡೆಗೆ ಕೆಲಸವನ್ನರಸಿ ಬಂದವರಿಗೆ ಆ ಅನುಕೂಲವೆಲ್ಲಿ? ನಮ್ಮ ಹಿಂದಿನ ಕಾಯಿಲೆಯ ಕಥೆಯನ್ನು ಹೊಸ ವೈದ್ಯರಿಗೆ ಕಾಗದವೇ ಹೇಳಬೇಕು.

ಆ ಕಾಗದವನ್ನು ಕಾಯುವ ವಿದ್ಯೆಗೂ ಒಂದು ಚರಿತ್ರೆಯಿದೆ. ಫ್ರಾನ್ಸಿನ ಜಾಕ್ ಬರ್ಟಿಲಾನ್ 1893ರಲ್ಲಿ ಸಾವಿನ ಕಾರಣಗಳ ಪಟ್ಟಿಯೊಂದನ್ನು ವಿದ್ವಾಂಸರ ಮುಂದಿಟ್ಟರು. 1948ರಲ್ಲಿ ಅದರ ಹೊಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ ವಹಿಸಿಕೊಂಡಿತು. ಸಾವಿನ ಜತೆಗೆ ಕಾಯಿಲೆಗಳಿಗೂ ಸಂಕೇತಗಳು ಬಂದವು. ಅದರ ಹನ್ನೊಂದನೆಯ ಪರಿಷ್ಕರಣೆ 2022ರಲ್ಲಿ ಜಾರಿಗೆ ಬಂತು. ಈ ನಡುವೆ, 1928ರಲ್ಲಿ, ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಗ್ರಂಥಪಾಲಕಿಯಾಗಿದ್ದ ಗ್ರೇಸ್ ವೈಟಿಂಗ್ ಮೈಯರ್ಸ್ ಅವರ ಮುಂದಾಳುತನದಲ್ಲಿ ಆಸ್ಪತ್ರೆಯ ದಾಖಲೆ ಪಾಲಕರ ಸಂಘ ಹುಟ್ಟಿತು.

ಕನ್ನಡ ನಾಡಿನಲ್ಲಿ ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಮಣಿಪಾಲದಲ್ಲಿ ಇಂದು ‘ಆರೋಗ್ಯ ಮಾಹಿತಿ ನಿರ್ವಹಣೆ’ ಒಂದು ಪದವಿಯೇ ಆಗಿದೆ. ಶರೀರಶಾಸ್ತ್ರ, ರೋಗಗಳ ಹೆಸರು ಮತ್ತು ಸಂಕೇತ, ಅಂಕಿಅಂಶ, ಗಣಕಯಂತ್ರ, ರೋಗಿಯ ಗುಟ್ಟು ಕಾಯುವ ಕಾನೂನು—ಇವು ಈ ವಿದ್ಯೆಯ ಅಂಗಗಳು. ಕೇಂದ್ರ ಸರ್ಕಾರದ 2021ರ ಕಾಯಿದೆ ಈ ವೃತ್ತಿಯನ್ನೂ ಆರೋಗ್ಯ ವೃತ್ತಿಗಳ ಸಾಲಿಗೆ ಸೇರಿಸಿದೆ.

ಡಾಕ್ಟರಿಕೆಗೆ ಸೀಟು ಸಿಗಲಿಲ್ಲವೆಂದು ಮಕ್ಕಳು ಮುಖ ಸಣ್ಣದು ಮಾಡಿಕೊಂಡು ಕುಳಿತಾಗ ತಂದೆತಾಯಂದಿರು ಈ ದಾರಿಯನ್ನೂ ತೋರಿಸಬಹುದು. ಪ್ರಜ್ಞೆ ತಪ್ಪಿ ಬಂದ ರೋಗಿಗೆ ಯಾವ ಔಷಧಿ ಒಗ್ಗದೆಂದು ಹೇಳಲು ಪಕ್ಕದಲ್ಲಿ ಬಂಧುಗಳಿಲ್ಲದಿರಬಹುದು. ಸರಿಯಾಗಿ ಬರೆದಿಟ್ಟ ದಾಖಲೆಯೊಂದೇ ಆಗ ಅವನ ಪರವಾಗಿ ಮಾತನಾಡುತ್ತದೆ. ಊರು ಬಿಟ್ಟು ಬಂದ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು.