ಮೌಶಿಯ ಟ್ರಂಕಿನ್ಯಾಗಿನ ಸನ್ಮಾನದ ಫೋಟೋಗಳು

ನಮ್ಮ ಮೌಶಿಗೆ ಸಿನೆಮಾ ಹುಚ್ಚು ಅಂದ್ರ ಅಷ್ಟಿಷ್ಟಲ್ಲ. ಆದ್ರ ಅಕಿ ಕೂಡಿಸಿಟ್ಟಿದ್ದು ಸಿನೆಮಾದ ಫೋಟೋ ಅಲ್ಲ. ಬಣ್ಣ ಹಚ್ಚಿಕೊಂಡವರನ್ನ ಥೇಟರಿನ್ಯಾಗ ನೋಡೇ ನೋಡ್ತೀವಿ ಅಂತಿದ್ಲು. ಹಾರ ಹಾಕಿಸಿಕೊಂಡು, ಶಾಲು ಹೊದಿಸಿಕೊಂಡು ನಿಂತಾಗ ಅವರು ಹೆಂಗ ಕಾಣತಾರ ಅನ್ನೋದು ಅಕಿಗೆ ಬೇಕಾಗಿತ್ತು. ಅಕಿ ಹೋದ ಮ್ಯಾಲೆ ಆ ಟ್ರಂಕು ನನ್ನ ಕೈಗೆ ಬಂತು. ನಮ್ಮ ವೈನಿಯಂತೂ "ರದ್ದಿಗೆ ಹಾಕಿಬಿಡ್ರಿ" ಅಂದಿದ್ರು.

ಮೊದಲನೇ ಫೋಟೋಕ್ಕೇ ಮನ್ಯಾಗ ವಾದ ಸುರು ಆತು. ರಾಜಕುಮಾರ್ ಅವರು ಗೌನು ಹಾಕ್ಕೊಂಡು ನಿಂತಾರ. "ಯಾವುದೋ ಪಿಚ್ಚರಿನ ಸೀನು" ಅಂದ ನನ್ನ ತಮ್ಮ. ತಿರುವಿ ನೋಡಿದ್ರ ಹಿಂದ ಮೌಶಿ ಪೆನ್ಸಿಲ್ಲಿಲೆ ಬರದಿದ್ಲು: ಮೈಸೂರು, 1976. ಆ ವರ್ಷ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಸಣ್ಣಾಂವಿದ್ದಾಗನ ಸಾಲಿ ಬಿಟ್ಟು ನಾಟಕ ಕಂಪನಿ ಸೇರಿದ ಮನುಷ್ಯಾ ಅದೇ ಗೌನಿನ್ಯಾಗ! ತಮ್ಮ ಸುಮ್ಮನಾದ.

ಈ ಡಾಕ್ಟರೇಟಿನಿಂದ ಫೋಟೋ ಕೂಡಿಸೋರಿಗೂ ಉಪಕಾರ ಆಗೇದ. ಪತ್ರಿಕೆಯಿಂದ ಕತ್ತರಿಸಿದ ಚಿತ್ರದ ಕೆಳಗ "ಡಾ. ರಾಜ್" ಅಂತ ಅಚ್ಚಾಗಿದ್ರ ಅದು 1976ಕ್ಕಿಂತ ಹಿಂದಿಂದಲ್ಲ. "ಪದ್ಮಭೂಷಣ" ಅಂತ ಇದ್ರ 1983ರಿಂದ ಈಚಿಂದು. ಕರ್ನಾಟಕ ರತ್ನ ಬಂದದ್ದು 1992ರಾಗ, ಕುವೆಂಪು ಅವರ ಜೋಡಿ. ಫಾಲ್ಕೆ ಪ್ರಶಸ್ತಿ 1995ರ ಸಾಲಿಂದು. ಅರಿವಿ ನೋಡಿ ವರ್ಷ ಹೇಳತೇನಿ ಅಂದ್ರ ಮಾತ್ರ ಸಾಧ್ಯ ಇಲ್ಲ, ಎಲ್ಲೆ ಹೋದ್ರೂ ಅವರದು ಅದೇ ಬಿಳಿ ಪಂಚೆ, ಬಿಳಿ ಅಂಗಿ.

ಫಾಲ್ಕೆ ಅಂದಕೂಡ್ಲೆ ನೆನಪಾತು ನೋಡ್ರಿ. ಆ ಪ್ರಶಸ್ತಿ ಮೊಟ್ಟಮೊದಲ, ಅಂದ್ರ 1969ರ ಸಾಲಿಗೆ, ಸಿಕ್ಕಿದ್ದು ಒಬ್ಬ ಹೆಣ್ಣುಮಗಳಿಗೆ. 1936ರ 'ಅಛೂತ್ ಕನ್ಯಾ'ದ ದೇವಿಕಾ ರಾಣಿ. ಬಾಂಬೆ ಟಾಕೀಸ್ ನಡಿಸಿದಾಕಿ, 1945ರಾಗ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನ ಲಗ್ನ ಆಗಿ, ಆಮ್ಯಾಲೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ್ಯಾಗ ಇದ್ದುಬಿಟ್ಲು. ಇಡೀ ಟ್ರಂಕು ಹುಡುಕಿದೆ, ಅಕಿದು ಒಂದೂ ಫೋಟೋ ಸಿಗಲಿಲ್ಲ.

ಸಿಕ್ಕಿದ್ದು ಬಿ. ಸರೋಜಾದೇವಿಯವರದು. 'ಮಹಾಕವಿ ಕಾಳಿದಾಸ'ದಿಂದ 1955ರಾಗ ಬೆಳ್ಳಿತೆರಿಗೆ ಬಂದು, 1969ರಾಗ ಪದ್ಮಶ್ರೀ ತೊಗೊಂಡವರು. ಆಗಿನ ಸನ್ಮಾನದ ಫೋಟೋ ಇದು, ಕಪ್ಪು-ಬಿಳುಪು. ಇದರ ಕಥಿ ಹೇಳಲಿಕ್ಕೆ ನನಗ ನಾಚಿಕಿ. ಕಾಲೇಜಿನ್ಯಾಗಿದ್ದಾಗ ಮೌಶಿಗೆ ಸಂತೋಷ ಆಗ್ಲಿ ಅಂತ ಹಳೇ ಕರೀ ಹಾಳಿಯ ಅಲ್ಬಮ್ಮಿನಿಂದ ಫೋಟೋ ಎಲ್ಲಾ ತಗದು, ಪ್ಲಾಸ್ಟಿಕ್ ಹಾಳಿಯ ಅಂಟಿನ ಅಲ್ಬಮ್ಮಿಗೆ ಹಚ್ಚಿದ್ದೆ. ಕರೀ ಹಾಳಿಯೊಳಗ ಮೂಲಿಗೆ ಸಿಗಿಸೋ ಚುಕ್ಕಿ ಇರತಿದ್ವು, ಫೋಟೋಕ್ಕ ಅಂಟು ಸೋಕತಿರಲಿಲ್ಲ. ನಾಲ್ಕೈದು ವರ್ಷ ಬಿಟ್ಟು ಯಾರಿಗೋ ತೋರಸಲಿಕ್ಕೆ ಎಳದೆ. ಅರ್ಧ ಮುಖ ಅಂಟಿಗೇ ಉಳೀತು. ಮೌಶಿ ಬೈಲಿಲ್ಲ. "ಹೋಗು, ಚಹಾ ಇಡು" ಅಂದ್ಲು. ಆಮ್ಯಾಲೆ ಇರೋತನಕಾ ಟ್ರಂಕಿನ ಕೀಲಿ ನನಗ ಕೊಡಲಿಲ್ಲ.

ಈಗ ಆ ಫೋಟೋದಾಗ ಉಳಿದಿದ್ದು ಒಂದು ಕಣ್ಣು, ಝುಮಕಿ, ಮಲ್ಲಿಗಿ ದಂಡಿ, ಸೀರಿ ಸೆರಗು. ಒಂದೊಂದಕ್ಕೂ ನಡುವ ತೆಳ್ಳನ್ನ ಬಿಳಿ ಕಾಗದ ಹಾಕಿ, ಅಂಚು ಹಿಡದು ಎತ್ತಿಡ್ಲಿಕತ್ತೇನಿ. ಹಿಂದ ಬರೀಬೇಕಾದ್ರ ಮೌಶಿಯಂಗ ಪೆನ್ಸಿಲ್ಲೇ, ಬಾಲ್‌ಪೆನ್ ಒತ್ತಿದ್ರ ಮುಂದ ಗೀರು ಮೂಡತದ.

ಅಕ್ಕಂದಿರ, ಮಾಮಿಗಳ, ನಿಮ್ಮ ನಿಮ್ಮ ಅಟ್ಟದ ಮ್ಯಾಲೆ ದೇವಿಕಾ ರಾಣಿ ಏನರ ಸಿಕ್ರ ಅಂಟಿನಿಂದ ಎಳೀಬ್ಯಾಡ್ರಿ. ಇದ್ದಂಗ ಇಟ್ಟು ನನಗೊಂದು ಫೋನ್ ಮಾಡ್ರಿ.