ಎಲ್ಲರೂ ಅಣ್ಣ, ಕೆಲವರೇ ಭಾವ

ನಂಜನಗೂಡು ಸೀಮೆಯ ಮನೆಯೊಂದರಲ್ಲಿ ‘ಭಾವ ಬಂದ್ರು’ ಎಂದು ಕೂಗಿದರೆ ಬಂದವರು ಯಾರೆಂದು ಹೊರಗಿನವರಿಗೆ ಹೊಳೆಯುವುದಿಲ್ಲ. ಅಕ್ಕನ ಗಂಡ ಇರಬಹುದು, ವಯಸ್ಸಿನಲ್ಲಿ ದೊಡ್ಡವನಾದ ಸೋದರಮಾವನ ಮಗ ಇರಬಹುದು, ಸೋದರತ್ತೆಯ ಮಗನೂ ಇರಬಹುದು. ಕೂಗಿದವಳು ಸೊಸೆಯಾದರೆ ಗಂಡನ ಅಣ್ಣ. ಇಷ್ಟು ಜನಕ್ಕೆ ಒಂದೇ ಪದ ಸಾಕಾದದ್ದು ಪದಗಳಿಗೆ ಬರ ಬಂದು ಅಲ್ಲ. ಸೋದರಮಾವನ ಮಗನನ್ನೇ ಅಕ್ಕ ಮದುವೆಯಾದರೆ ತಂಗಿಗೆ ಅವನು ಮೊದಲೂ ಭಾವ, ಆಮೇಲೂ ಭಾವ. ಚಿಕ್ಕಪ್ಪನ ಮಗನಿಗೆ, ದೊಡ್ಡಮ್ಮನ ಮಗನಿಗೆ ಈ ಹೆಸರು ಸಲ್ಲದು. ಅವರು ಅಣ್ಣತಮ್ಮಂದಿರು, ಅಲ್ಲಿ ಹೆಣ್ಣು ಕೇಳುವಂತಿಲ್ಲ.

ಈ ಲೆಕ್ಕಾಚಾರ ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್‌ನನ್ನು ಬೆರಗಾಗಿಸಿತ್ತು. ತನ್ನೂರಿನ ಸುತ್ತಲಿನ ಸೆನೆಕಾ ಜನರೂ ದೂರದ ತಮಿಳರೂ ಅಪ್ಪನ ಅಣ್ಣತಮ್ಮಂದಿರನ್ನು ಅಪ್ಪಂದಿರ ಸಾಲಿಗೇ ಸೇರಿಸುತ್ತಾರೆಂದು ಕಂಡುಕೊಂಡ ಅವನು, 1871ರಲ್ಲಿ ಲೋಕದ ನೆಂಟಸ್ತಿಕೆಯ ಪದಗಳನ್ನೆಲ್ಲ ಕೋಷ್ಟಕ ಹಾಕಿ ಹೊರತಂದ. ಅದರಲ್ಲಿ ಕನ್ನಡವೂ ಇದೆ. 1953ರಲ್ಲಿ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಉತ್ತರ-ದಕ್ಷಿಣಗಳ ವ್ಯತ್ಯಾಸವನ್ನು ಬಿಡಿಸಿಟ್ಟರು: ಅಲ್ಲಿ ಹೆಣ್ಣು ಅಪರಿಚಿತರ ಮನೆಗೆ ಹೋಗುತ್ತಾಳೆ, ಇಲ್ಲಿ ಎಷ್ಟೋ ಸಲ ಅತ್ತೆಯ ಮನೆಗೇ. ಅಲ್ಲಿ ಹೆಂಡತಿಯ ತಮ್ಮನ ಹೆಸರು ಬೈಗುಳವೇ ಆಗಿಬಿಟ್ಟಿದೆ. 1955ರ ಹಿಂದೂ ವಿವಾಹ ಕಾಯ್ದೆ ಅಣ್ಣ-ತಂಗಿಯರ ಮಕ್ಕಳ ಮದುವೆಯನ್ನು ನಿಷೇಧದ ಪಟ್ಟಿಗೆ ಸೇರಿಸಿ, ರೂಢಿಯಿದ್ದವರಿಗೆ ವಿನಾಯಿತಿ ಕೊಟ್ಟಿತು. ನಮ್ಮ ಭಾವ ಉಳಿದದ್ದು ಆ ವಿನಾಯಿತಿಯಲ್ಲಿ.

ಪದ ಒಂದೇ ಆದರೂ ನಡವಳಿಕೆ ಒಂದೇ ಅಲ್ಲ. ಅಕ್ಕನ ಗಂಡನ ಚಪ್ಪಲಿ ಬಚ್ಚಿಟ್ಟು ಕಾಸು ಕೀಳಬಹುದು, ಮೀಸೆಯನ್ನು ಗೇಲಿ ಮಾಡಬಹುದು. ಗಂಡನ ಅಣ್ಣ ಜಗಲಿಗೆ ಬಂದರೆ ಅದೇ ಹುಡುಗಿ ಸೆರಗು ಸರಿಮಾಡಿಕೊಂಡು ಒಳಗೆ ಸರಿಯಬೇಕಿತ್ತು.

ನನಗೆ ಇದಕ್ಕಿಂತ ಕುತೂಹಲದ್ದು ಈ ಪದ ಎಲ್ಲಿ ನಿಲ್ಲುತ್ತದೆ ಎನ್ನುವುದು. ತಿ. ನರಸೀಪುರದ ಬಸ್‌ ನಿಲ್ದಾಣದಲ್ಲಿ ಕಂಡಕ್ಟರು ಅಣ್ಣ, ಎಳನೀರಿನವನು ಅಣ್ಣ, ಸೊಪ್ಪು ಮಾರುವವಳು ಅಕ್ಕ. ಅಣ್ಣನಿಗೆ ಜಾತಿ ಕೇಳುವವರಿಲ್ಲ. ಹಳ್ಳಿಯೊಳಗೂ ಅಷ್ಟೆ, ಬೇರೆ ಕೇರಿಯ ಮುದುಕ ಸಲೀಸಾಗಿ ತಾತನಾಗುತ್ತಾನೆ. ಭಾವ ಮಾತ್ರ ಅಷ್ಟು ಸುಲಭವಾಗಿ ಕೇರಿ ದಾಟುವುದಿಲ್ಲ. ಹಾಗೆ ಕರೆದರೆ ‘ನಮ್ಮ ಮನೆ ಹೆಣ್ಣು ನಿಮಗೆ, ನಿಮ್ಮದು ನಮಗೆ’ ಎಂದಂತೆ. ಹಳ್ಳಿಯಲ್ಲಿ ಜಾತಿ ಹೇಗೆ ಬಾಳುತ್ತದೆಂದು ನೋಡಲು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಬಿಡಾರ ಹೂಡಿದ್ದೂ ಇದೇ ಕಡೆ, ಬನ್ನೂರು ಬಳಿಯ ಕೊಡಗಹಳ್ಳಿಯಲ್ಲಿ. ಜಾತಿಯನ್ನು ಅಳೆಯಲು ‘ಇಲ್ಲಿ ಯಾರು ಯಾರಿಗೆ ಭಾವ’ ಎಂಬ ಪ್ರಶ್ನೆಯೊಂದನ್ನೇ ಹಿಡಿದು ಹೊರಟರೂ ಬಹಳ ದೂರ ಹೋಗಬಹುದು ಅನ್ನಿಸುತ್ತದೆ. ಈಗಿನ ಹುಡುಗರು ‘ಕಸಿನ್’ ಎಂದುಬಿಡುತ್ತಾರೆ. ಆ ಪದದಲ್ಲಿ ಚಿಕ್ಕಪ್ಪನ ಮಗ, ಸೋದರಮಾವನ ಮಗ ಎಲ್ಲ ಒಂದೇ. ಮದುವೆಯ ಮಾತೇ ಇಲ್ಲದ ಮೇಲೆ ಬೇರೆ ಮಾಡಿ ಏನಾಗಬೇಕು?

ಮನುಷ್ಯರು ದಾಟದ್ದನ್ನು ದೇವರು ದಾಟಿದ್ದಾನೆ. ಬಿಳಿಗಿರಿಯ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ. ಅಂದಿನಿಂದ ಸೋಲಿಗರಿಗೆ ಅವನು ಸ್ವಾಮಿಯಲ್ಲ, ರಂಗಭಾವ. ನಮ್ಮ ನಂಜುಂಡನದು ಸ್ವಲ್ಪ ತೊಡಕಿನ ಸಂಸಾರ. ಜನಪದರು ಹಾಡುವಂತೆ ಮನೆಯಲ್ಲಿ ದೇವೀರಿಯಿದ್ದೂ ಬೆಟ್ಟದ ಚಾಮುಂಡಿಗೆ ಮನಸೋತವನು ಅವನು. ಚಾಮುಂಡಿಯ ತಂಗಿ ಉತ್ತನಹಳ್ಳಿಯ ಅಮ್ಮ, ನಂಜನಗೂಡಿಗೂ ಬೆಟ್ಟಕ್ಕೂ ನಡುವೆ ಕೂತಿದ್ದಾಳೆ. ಅವಳಿಗೆ ನಂಜುಂಡ ಭಾವನೋ ಅಲ್ಲವೋ? ತಾಳಿ ಕಟ್ಟಿದವನಿಗೆ ಮಾತ್ರ ಆ ಹೆಸರು ಅನ್ನುವುದಾದರೆ ಅಲ್ಲ. ಆದರೆ ಅಕ್ಕ ಒಪ್ಪಿದವನನ್ನು ತಂಗಿ ಬೇರೆ ಇನ್ನೇನೆಂದು ಕರೆಯಬೇಕು?